ಹೆಬ್ಬಾರ್ ಡಾಕ್ಟರ ವಂದನಾರ್ಪಣೆ

ಯಾರಾದರೂ ಯಾರನ್ನಾದರೂ ಹೆಸರು ಹೇಳದೆ ಚುಚ್ಚಿದರೆ ಸಾಕು, ಹೆಬ್ಬಾರ್ ಡಾಕ್ಟರ ಬಲಗೈ ತೋರುಬೆರಳು ತಾನಾಗಿ ಮೇಲೇಳುತ್ತಿತ್ತು. ಸಭೆಯಿರಲಿ, ಮದುವೆಯಿರಲಿ, ಕಾಲೇಜಿನ ಮೀಟಿಂಗ್ ಇರಲಿ, ಕತ್ತು ಸ್ವಲ್ಪ ಎಡಕ್ಕೆ ವಾಲಿಸಿ, ಕಣ್ಣು ಮುಚ್ಚಿ, ಬೆರಳೆತ್ತಿ, ಪಕ್ಕದವರಿಗೆ ಮಾತ್ರ ಕೇಳುವಂತೆ "ಬಿತ್ತು" ಅನ್ನುತ್ತಿದ್ದರು. ಏನು ಬಿತ್ತು, ಯಾರ ಮೇಲೆ ಬಿತ್ತು ಎಂದು ನಮಗೆ ಹೊಳೆಯುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತಿತ್ತು. ಕನ್ನಡ ಸಂಘದ ಯುಗಾದಿ ಊಟದಲ್ಲಿ ಒಮ್ಮೆ ಬೆಂಗಳೂರಿನ ಒಬ್ಬ ಮಹಿಳೆ ಇನ್ನೊಬ್ಬರ ಬಿಸಿಬೇಳೆಭಾತು ತಿಂದು, "ತುಂಬಾ ಡಿಫರೆಂಟಾಗಿದೆ ರೀ, ನಿಮ್ಮ ಕಡೆ ಹೀಗೇ ಮಾಡೋದಾ?" ಎಂದು ನಗುನಗುತ್ತ ಕೇಳಿದರು. ನನ್ನ ಪಕ್ಕದಲ್ಲಿ ಬೆರಳು ಎದ್ದಿತು. ಬಾಯಲ್ಲಿದ್ದ ಮಜ್ಜಿಗೆ ನನ್ನ ಮೂಗಿಗೆ ಏರಿತು.

ನೋಡಿದರೆ ಈ ಮನುಷ್ಯನಿಗೆ ಇಂಥ ಚಟವಿದೆ ಎಂದು ಯಾರೂ ಹೇಳುವಂತಿರಲಿಲ್ಲ. ಡಾ. ಸುಧೀಂದ್ರ ಹೆಬ್ಬಾರ್, ಉಡುಪಿಯವರು, ಮಲೇಷ್ಯಾದ ನಿಲಾಯ್‌ನ ಒಂದು ಮೆಡಿಕಲ್ ಕಾಲೇಜಿನಲ್ಲಿ ಪೆಥಾಲಜಿ ಪ್ರೊಫೆಸರು. ಸಣಕಲು ಮೈ, ಕುತ್ತಿಗೆಯವರೆಗೂ ಗುಂಡಿ ಹಾಕಿದ ಶರ್ಟು, ಇಸ್ತ್ರಿ ಕೆಡದಂತೆ ನಿಧಾನವಾಗಿ ಕೂರುವ ರೀತಿ. ಆದರೆ ಅವರ ಹಳೇ ಕಾರಿನ ಬಾಗಿಲು ತೆಗೆದರೆ ತೊಂಬತ್ತರ ದಶಕದ ಅಮೆರಿಕದ ಹಿಪ್‌ಹಾಪ್ ಧಡಧಡ ಎಂದು ಹೊರಗೆ ಬೀಳುತ್ತಿತ್ತು. ಬಾಯಿತುಂಬ ಬೈಗುಳ, ಎದೆ ನಡುಗಿಸುವ ಡ್ರಮ್ಮು. ಅದರ ನಡುವೆ ಕೂತು ಡಾಕ್ಟರು ಸಿಗ್ನಲ್ ಹಸಿರಾಗುವುದನ್ನು ಶಾಂತವಾಗಿ ಕಾಯುತ್ತಿದ್ದರು. ಯಾವ ರಾಪರ್ ಯಾವ ಸಾಲಿನಲ್ಲಿ ಯಾರನ್ನು ಕುಟುಕಿದ, ಅದಕ್ಕೆ ಅವನು ಎಷ್ಟು ತಿಂಗಳು ಬಿಟ್ಟು ಯಾವ ಹಾಡಿನಲ್ಲಿ ತಿರುಗಿ ಕುಟುಕಿದ ಎಂಬುದೆಲ್ಲ ಅವರಿಗೆ ಬಾಯಿಪಾಠ.

ನಾನು ದಾವಣಗೆರೆಯವಳು, ಹೆಸರು ನಸೀಮಾ. ಪೆಟಾಲಿಂಗ್ ಜಯಾದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಎಂಜಿನಿಯರ್. ನನ್ನ ಗಂಡ ಅಫ್ಜಲ್‌ಗೆ ಕೆಲಸ ಸಿಕ್ಕಿ ನಾವು ಮಲೇಷ್ಯಾಕ್ಕೆ ಬಂದಾಗ ನಾನು ತುಂಬಿದ ಬಸುರಿ. ಬಾಣಂತನಕ್ಕೆ ಬರಬೇಕಿದ್ದ ಅಮ್ಮ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಮಲಗಿದರು. ಸಂಘದ ಕಾರ್ಯಕ್ರಮದಲ್ಲಿ ಒಂದೆರಡು ಸಲ ನೋಡಿದ್ದಷ್ಟೇ ಪರಿಚಯವಿದ್ದ ಡಾಕ್ಟರ ಹೆಂಡತಿ ವಸುಧಕ್ಕ ಆಸ್ಪತ್ರೆಗೆ ಬಂದು, ಮಗುವನ್ನೂ ನನ್ನನ್ನೂ ಎತ್ತಿಕೊಂಡು ಹೋದ ಹಾಗೆ ನಿಲಾಯ್‌ನ ತಮ್ಮ ಮನೆಗೆ ಕರೆದುಕೊಂಡು ಹೋದರು. ಬೆಳ್ಳುಳ್ಳಿಯನ್ನು ಎಂದೂ ಒಳಗೆ ತರದ ಮನೆ ಅದು. ಬಾಣಂತಿಗೆ ಬೇಕು ಎಂದು ವಸುಧಕ್ಕ ಮೂಗಿಗೆ ಸೆರಗು ಕಟ್ಟಿಕೊಂಡು ಬೆಳ್ಳುಳ್ಳಿ ಸುಟ್ಟು ಕೊಟ್ಟರು, ಡಾಕ್ಟರು ಕಿಟಕಿಗಳನ್ನೆಲ್ಲ ತೆಗೆದು ಏನೂ ಆಗದವರಂತೆ ಪೇಪರ್ ಓದಿದರು. ಆ ಮನೆ ನನಗೆ ತವರಾಯಿತು. ಅದನ್ನು ನಾನು ನನ್ನ ಬಾಯಿಂದಲೇ ಕಳೆದುಕೊಂಡೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಡಾಕ್ಟರ ಬಗ್ಗೆ ಏನು ಬರೆಯಲು ಕೂತರೂ ಅದೇ ಮೊದಲು ಅಡ್ಡ ಬರುತ್ತದೆ.

ಅವರ ಈ ಹುಚ್ಚು ಶುರುವಾದದ್ದು ಮಣಿಪಾಲದ ಹಾಸ್ಟೆಲಿನಲ್ಲಂತೆ. ಅವರ ರೂಮಿನಲ್ಲಿದ್ದವನು ಮಲೇಷ್ಯಾದಿಂದ ಡಾಕ್ಟರಿಕೆ ಓದಲು ಬಂದಿದ್ದ ಹುಡುಗ. ರಜೆ ಮುಗಿಸಿ ಬರುವಾಗಲೆಲ್ಲ ಅವನ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಕ್ಯಾಸೆಟ್ಟು ಹೆಚ್ಚು. ಹೆಬ್ಬಾರರಿಗೆ ಮೊದಮೊದಲು ಕಿವಿಗೆ ಹತ್ತಿ ಇಟ್ಟುಕೊಳ್ಳುವಂತಾಗುತ್ತಿತ್ತು. ಒಂದು ದಿನ ಅವನು ಟೇಪ್ ನಿಲ್ಲಿಸಿ, ಈ ಸಾಲು ಮೇಲ್ನೋಟಕ್ಕೆ ಕಾರಿನ ಬಗ್ಗೆ ಇದೆ, ಆದರೆ ಇದು ಇಂಥವನಿಗೆ ಹೊಡೆದದ್ದು ಎಂದು ವಿವರಿಸಿದ.

"ಆವತ್ತು ನಂಗೆ ಮನೆಗೆ ಬಂದ ಹಾಗಾಯ್ತು ಮಾರಾಯ್ತಿ," ಎನ್ನುತ್ತಿದ್ದರು ಡಾಕ್ಟರು. "ನಮ್ಮ ಅಪ್ಪಯ್ಯ ಮಾಡ್ತಿದ್ದದ್ದೂ ಇದನ್ನೇ ಅಲ್ವಾ?"

ಅವರ ಅಪ್ಪಯ್ಯ ತಾಳಮದ್ದಳೆಯ ಅರ್ಥಧಾರಿ. ವೇಷ ಕಟ್ಟದೆ, ಕುಣಿಯದೆ, ಎದುರುಬದುರು ಕೂತು ಪುರಾಣದ ಪಾತ್ರಗಳಾಗಿ ವಾದ ಮಾಡುವ ಕಲೆ ಅದು. ಮಾತೆಲ್ಲ ಅಲ್ಲೇ ಹುಟ್ಟಬೇಕು, ಬರೆದುಕೊಂಡು ಬರುವಂತಿಲ್ಲ. ಪಾತ್ರಗಳು ಜಗಳವಾಡುತ್ತಿರುವಾಗಲೇ ಒಳಗೊಳಗೆ ಕಲಾವಿದರೂ ಆಡುತ್ತಿರುತ್ತಾರೆ. ಎದುರು ಕೂತವನು ಹೊಸ ಮನೆ ಕಟ್ಟಿಸಿದ್ದಾನೋ, ಹಿಂದಿನ ವಾರ ಹೇಳದೆ ಕೇಳದೆ ಕೈಕೊಟ್ಟಿದ್ದಾನೋ, ಅದು ರಾಜನ ಬಾಯಲ್ಲೋ ದೂತನ ಬಾಯಲ್ಲೋ ಮೆಲ್ಲಗೆ ಹೊರಗೆ ಬರುತ್ತದೆ. ಗೊತ್ತಿಲ್ಲದವರಿಗೆ ಪುರಾಣ, ಗೊತ್ತಿದ್ದವರಿಗೆ ಊರಿನ ಸಮಾಚಾರ. ಮುಂದಿನ ಸಾಲಿನಲ್ಲಿ ಚಡ್ಡಿ ಹಾಕಿಕೊಂಡು ಕೂತಿದ್ದ ಸುಧೀಂದ್ರನ ಬೆರಳು ಆಗಲೇ ಏಳಲು ಕಲಿತಿತ್ತು.

"ನಮ್ಮ ಯಕ್ಷಗಾನದಲ್ಲಿ ತೆಂಕು, ಬಡಗು ಇದ್ದ ಹಾಗೆ ಅಲ್ಲಿ ಅಮೆರಿಕದಲ್ಲಿ ಈಸ್ಟು, ವೆಸ್ಟು. ಹೆಸರು ಹೇಳಿದ್ರೆ ಅದು ಬೈಗುಳ. ಹೆಸರು ಹೇಳದೆ ಇಡೀ ಊರಿಗೆ ಗೊತ್ತಾಗುವ ಹಾಗೆ ಮಾಡಿದ್ರೆ ಅದು ಕಲೆ." ಇದು ಅವರ ಸಿದ್ಧಾಂತ. ಆದರೆ ಇದನ್ನು ಹೇಳಿ ನಕ್ಕವರು ಮರುಕ್ಷಣ ಗಂಭೀರವಾಗುತ್ತಿದ್ದರು. ಆ ಕಾಲದಲ್ಲಿ ಅಲ್ಲಿ ಮಾತಿನ ಜೊತೆಗೆ ಗುಂಡೂ ಹಾರಿ, ಹಾಡುವ ಹುಡುಗರೇ ಸತ್ತರಲ್ಲ, ಅದನ್ನು ನೆನಪಿಸಿಕೊಳ್ಳುತ್ತಿದ್ದರು. "ಹಾಡಿದವ ಒಂದು ಹೇಳ್ತಾನೆ. ಕೇಳಿದವ ಅದನ್ನು ಚೂಪು ಮಾಡಿ ಇನ್ನೊಬ್ಬನಿಗೆ ದಾಟಿಸ್ತಾನೆ. ಅವ ಇನ್ನಷ್ಟು ಚೂಪು ಮಾಡ್ತಾನೆ. ನಾವು ಕೇಳುವವರೇ ಡೇಂಜರ್ ಜನ, ಗೊತ್ತುಂಟಾ?"

ನನಗೆ ಅವರು ಕಲಿಸಿದ್ದು ಕೇಳುವುದನ್ನೇ. ಬಾಣಂತನದ ಹೊತ್ತಿನಲ್ಲಿ, ಮಗು ಮಲಗಿದಾಗ, ವಸುಧಕ್ಕ ಬೇಡ ಬೇಡ ಅನ್ನುತ್ತಿದ್ದರೂ ಸಣ್ಣ ದನಿಯಲ್ಲಿ ಕ್ಯಾಸೆಟ್ ಹಾಕಿ ಪಾಠ ಮಾಡುತ್ತಿದ್ದರು. ಒಬ್ಬ ತನ್ನ ನಗರದ ಬಡಾವಣೆಗಳನ್ನೆಲ್ಲ ಸಾಲಾಗಿ ಹೊಗಳಿ, ಎದುರಾಳಿಯ ಬಡಾವಣೆಗೆ ಬಂದಾಗ ಕೆಮ್ಮಿ ಮುಂದೆ ಹೋಗುತ್ತಾನೆ. ಇನ್ನೊಬ್ಬ ಎದುರಾಳಿಯ ಡ್ರಮ್ಮಿನ ತಾಳವನ್ನೇ ಎತ್ತಿಕೊಂಡು, ಅದನ್ನು ಮುದುಕ ನಡೆದ ಹಾಗೆ ನಿಧಾನ ಮಾಡಿ, ಅದರ ಮೇಲೆ ಬೇರೇನೋ ಹಾಡುತ್ತಾನೆ. ಎಲ್ಲಕ್ಕಿಂತ ಅವರಿಗೆ ಇಷ್ಟವಾದದ್ದು ಕ್ಯಾಸೆಟ್ಟಿನ ಒಳಗೆ ಮಡಿಸಿಟ್ಟಿರುವ ಚೀಟಿ. ಅದರಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಧನ್ಯವಾದಗಳ ಪಟ್ಟಿ.

"ಇದು ನಮ್ಮ ವಂದನಾರ್ಪಣೆ," ಎಂದು ಅದನ್ನು ಬೆಳಕಿಗೆ ಹಿಡಿದು ತೋರಿಸುತ್ತಿದ್ದರು. "ದೇವರಿಂದ ಹಿಡಿದು ಕ್ಷೌರದಂಗಡಿಯವನವರೆಗೆ ಎಲ್ಲರಿಗೂ ಥ್ಯಾಂಕ್ಸ್ ಉಂಟು. ಹಳೇ ಜೊತೆಗಾರನ ಹೆಸರು ಮಾತ್ರ ಇಲ್ಲ. ಹಾಡಿನಲ್ಲಿ ಒಂದು ಮಾತೂ ಆಡ್ಲಿಲ್ಲ, ಪಟ್ಟಿಯಿಂದ ಬಿಟ್ಟ, ಅಷ್ಟೇ. ಇದಕ್ಕಿಂತ ಜೋರು ಪೆಟ್ಟು ಇಲ್ಲ."

ನಾನು ಚುರುಕಾದ ಶಿಷ್ಯೆ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಯಾರು ಏನು ಅಂದರೂ ಅದು ನನಗೇ ಅಂದದ್ದು ಎಂದು ಅನಿಸುವ ಸ್ವಭಾವ. ಅಂಥವಳಿಗೆ ಈ ವಿದ್ಯೆ ಬಹಳ ಬೇಗ ಹತ್ತಿತು. ಒಂದು ಶನಿವಾರ ನಾನೇ ಒಂದು ಹಾಡಿನಲ್ಲಿ ಯಾರೂ ಗುರುತಿಸದ ಕುಟುಕನ್ನು ಹುಡುಕಿದ್ದೇನೆಂದು ಓಡೋಡಿ ಹೋದೆ. ಡಾಕ್ಟರು ಕಣ್ಣು ಮುಚ್ಚಿ ಕೇಳಿದರು, ರಿವೈಂಡ್ ಮಾಡಿ ಮತ್ತೆ ಕೇಳಿದರು. ಬೆರಳು ಏಳಲಿಲ್ಲ.

"ಇಲ್ಲ ನಸೀಮಾ. ಇದು ಯಾರಿಗೂ ಅಲ್ಲ."

"ಸರಿಯಾಗಿ ಕೇಳ್ರಿ ಡಾಕ್ಟ್ರೇ. ಅವ್ನಿಗೇ ಹೇಳಿದ್ದು ಅದು."

"ಹುಡುಗರು ಎಲ್ಲ ಸಲ ಯಾರದ್ದೋ ಮನೆಗೇ ಕಲ್ಲು ಹೊಡೆಯುದಿಲ್ಲ ಮಾರಾಯ್ತಿ. ಕೆಲವು ಸಲ ಸುಮ್ನೆ ಕೆರೆಗೂ ಹೊಡೀತಾರೆ. ಎಲ್ಲಿ ಪೆಟ್ಟಿಲ್ಲ ಅಂತ ಗೊತ್ತಾಗ್ಬೇಕು, ಆಗ ಕೇಳ್ಲಿಕ್ಕೆ ಬಂತು ಅಂತ ಲೆಕ್ಕ."

ನಾನು ಮುಖ ಊದಿಸಿಕೊಂಡು ನೀರುದೋಸೆ ತಿಂದು ಬಂದೆ. ಆ ಪಾಠ ಮಾತ್ರ ನನಗೆ ಕೊನೆಗೂ ಹತ್ತಲಿಲ್ಲ.

ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಡಾಕ್ಟರೂ ನಾನೂ ಸೇರಿ ಕನ್ನಡದಲ್ಲಿ ಒಂದು ಪಾಡ್‌ಕಾಸ್ಟ್ ಮಾಡಿದೆವು. ಹೆಸರು 'ಕುಟುಕು'. ಶನಿವಾರ ಬೆಳಿಗ್ಗೆ ಪೆಟಾಲಿಂಗ್ ಜಯಾದಿಂದ ಹೈವೇ ಹಿಡಿದು ನಾನು ಮಗಳನ್ನು ಕರೆದುಕೊಂಡು ನಿಲಾಯ್‌ಗೆ ಹೋಗುತ್ತಿದ್ದೆ. ವಸುಧಕ್ಕನ ಸೀರೆಯ ಬೀರುವಿನ ಬಾಗಿಲು ತೆಗೆದಿಟ್ಟು ಅದರೆದುರು ಕೂತು ರೆಕಾರ್ಡ್ ಮಾಡಿದರೆ ದನಿ ಪ್ರತಿಧ್ವನಿಸುತ್ತಿರಲಿಲ್ಲ. ಡಾಕ್ಟರದು ಮಾತು, ನನ್ನದು ಪ್ರಶ್ನೆ. ಅವರು ಒಂದು ವಾಕ್ಯ ಹಿಡಿದರೆ ನ್ಯೂಯಾರ್ಕಿನಲ್ಲಿ ಹೊರಟು, ಉಡುಪಿಯಲ್ಲಿ ಇಳಿದು, ಅಪ್ಪಯ್ಯನ ನಶ್ಯದ ಡಬ್ಬಿಯವರೆಗೆ ಹೋಗಿ ಅಲ್ಲೇ ಕೂತುಬಿಡುತ್ತಿದ್ದರು. ಅದನ್ನೆಲ್ಲ ಕತ್ತರಿಸಿ, ಹೊಲಿದು, ಕೇಳುವಂತೆ ಮಾಡುವುದು ನನ್ನ ಕೆಲಸ. ವಾರವಿಡೀ ಆಫೀಸು ಮುಗಿಸಿ ಅದಕ್ಕೇ ಕೂರುತ್ತಿದ್ದೆ. ಮಂಗಳೂರು, ದುಬೈ, ಹುಬ್ಬಳ್ಳಿ ಎಲ್ಲೆಲ್ಲಿಂದಲೋ ಜನ ಕೇಳಿ ಬರೆಯತೊಡಗಿದರು. ಎಲ್ಲರ ಕಾಮೆಂಟೂ ಒಂದೇ ಪದ: ಬಿತ್ತು.

ರಾಜ್ಯೋತ್ಸವಕ್ಕೆ ಸಂಘದವರು ಡಾಕ್ಟರಿಗೆ ಸನ್ಮಾನ ಇಟ್ಟರು. ಪೆಟಾಲಿಂಗ್ ಜಯಾದ ಒಂದು ಹಾಲ್ ತುಂಬ ಜನ. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆದಮೇಲೆ ಸೆಕ್ರೆಟರಿ ಮೈಕ್ ಕೊಟ್ಟು, ಮಲೇಷ್ಯಾದವರ ಧಾಟಿಯಲ್ಲಿ ಲಾ ಸೇರಿಸಿ, "ಎರಡೇ ನಿಮಿಷ ಲಾ ಡಾಕ್ಟ್ರೇ, ಊಟ ಆರ್‍ತಾ ಇದೆ," ಎಂದರು. ಡಾಕ್ಟರು ಶುರು ಮಾಡಿದರು. ಹಾಸ್ಟೆಲಿನ ರೂಮ್‌ಮೇಟನನ್ನು ನೆನೆದರು. ಅಪ್ಪಯ್ಯನನ್ನು ನೆನೆದರು. ಮಣಿಪಾಲದಲ್ಲಿ ಕ್ಯಾಸೆಟ್ ಕಾಪಿ ಮಾಡಿಕೊಡುತ್ತಿದ್ದ ಅಂಗಡಿಯವನಿಗೆ, ಸಂಘದ ಪದಾಧಿಕಾರಿಗಳಿಗೆ, ರೆಕಾರ್ಡಿಂಗ್ ಹೊತ್ತಿಗೆ ನಾಯಿಯನ್ನು ಒಳಗೆ ಕಟ್ಟಿಹಾಕುವ ಪಕ್ಕದ ಮನೆಯ ತಮಿಳು ಅಜ್ಜಿಗೆ, ಕಾಲೇಜಿನ ಕೆಳಗಿನ ಮಾಮಕ್ ಎಂಬ ತಮಿಳು ಮುಸ್ಲಿಮರ ಟೀ ಅಂಗಡಿಯಲ್ಲಿ ಕೇಳದೆಯೇ ಸಕ್ಕರೆ ಕಮ್ಮಿ ಮಾಡಿ ಟೀ ಕೊಡುವ ಅಣ್ಣನಿಗೆ, ಮೈಕ್ ಹಿಡಿದುಕೊಂಡಿದ್ದ ಹುಡುಗಿಗೆ, ಎಲ್ಲರಿಗೂ ಕೈಮುಗಿದು ಧನ್ಯವಾದ ಹೇಳಿದರು. ಕೆಳಗಿಳಿದರು.

ನಾನು ಎರಡನೇ ಸಾಲಿನಲ್ಲಿದ್ದೆ. ನನ್ನ ಹೆಸರು ಬರುತ್ತದೆ ಎಂದು ಎದ್ದು ನಿಲ್ಲಲು ಸೆರಗು ಸರಿಮಾಡಿಕೊಂಡಿದ್ದೆ. ಬರಲಿಲ್ಲ. ಮೊದಲು ಮರೆತರೇನೋ ಅಂದುಕೊಂಡೆ. ಮರುಕ್ಷಣ ಮನಸ್ಸು ಹೇಳಿತು: ಟೀ ಅಂಗಡಿಯವನನ್ನು ಮರೆಯದವರು, ನಾಯಿಯನ್ನೂ ಮರೆಯದವರು. ಹೆಬ್ಬಾರ್ ಡಾಕ್ಟರು ಹೆಸರು ಮರೆಯುವವರಲ್ಲ, ಬಿಡುವವರು. ಪಟ್ಟಿಯಿಂದ ಬಿಡುವುದಕ್ಕಿಂತ ಜೋರು ಪೆಟ್ಟಿಲ್ಲ ಎಂದು ಕಲಿಸಿದವರು ಅವರೇ. ಯಾಕೆ ಬಿಟ್ಟರು ಎಂದು ಯೋಚಿಸತೊಡಗಿದೆ, ಯೋಚನೆ ಹೋಗಬಾರದ ಕಡೆಗೆಲ್ಲ ಹೋಯಿತು. ಹೆಂಗಸು ಎಂದೇ? ಕೆಲಸವೆಲ್ಲ ನನ್ನದು ಎಂದು ಜನಕ್ಕೆ ಗೊತ್ತಾದರೆ ಕಷ್ಟವೆಂದೇ? ರಾಜ್ಯೋತ್ಸವದ ವೇದಿಕೆಯಲ್ಲಿ ನಸೀಮಾ ಎಂಬ ಹೆಸರು ಬೇಡವೆಂದೇ? ಈ ಕೊನೆಯದನ್ನು ಬರೆಯುವಾಗ ಇವತ್ತೂ ನನಗೆ ಮೈ ಕುಗ್ಗುತ್ತದೆ. ಆದರೆ ಆವತ್ತು ಅದನ್ನು ಯೋಚಿಸಿದ್ದಷ್ಟೇ ಅಲ್ಲ, ನಂಬಿದೆ.

ಮನೆಯಲ್ಲಿ ನಾವು ಆಡುವುದು ಉರ್ದು, ಜಗಳಕ್ಕೆ ಮಾತ್ರ ಕನ್ನಡ. ವಾಪಸ್ ಬರುವಾಗ ಕಾರಿನಲ್ಲಿ ಕನ್ನಡ ಶುರುವಾಯಿತು.

"ಅಲ್ಲೇ ಹೋಗಿ ಕೇಳಬೇಕಿತ್ತು," ಎಂದ ಅಫ್ಜಲ್. "ಡಾಕ್ಟ್ರೇ, ನನ್ ಹೆಸರು ಯಾಕೆ ಹೇಳ್ಲಿಲ್ಲ ಅಂತ. ಅಷ್ಟೇ."

"ಕೇಳಿ ಹೇಳಿಸ್ಕೊಳ್ಳೋಷ್ಟು ಗತಿಗೆಟ್ಟಿಲ್ಲ ನಾನು."

"ಮತ್ತೆ ಸುಮ್ನಿರು."

ಸುಮ್ಮನಿರುವುದೂ ನನಗೆ ಬರಲಿಲ್ಲ. ಮುಂದಿನ ಶನಿವಾರ ಡಾಕ್ಟರಿಗೆ ಪರೀಕ್ಷೆಯ ಡ್ಯೂಟಿ ಬಿತ್ತು. "ಈ ವಾರ ನೀನೇ ಮಾಡು. ನೀನು ಮಾಡಿದ್ರೆ ನಾನು ಮಾಡಿದ ಹಾಗೇ," ಎಂದು ಫೋನಿನಲ್ಲಿ ಹೇಳಿದರು. ಅದನ್ನೂ ನಾನು ತಿರುಚಿಯೇ ಕೇಳಿಸಿಕೊಂಡೆ. ಹೌದು, ಮಾಡುವುದು ನಾನು, ಹೆಸರು ನಿಮ್ಮದು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆ ಎಪಿಸೋಡಿಗೆ ನಾನು ಆರಿಸಿಕೊಂಡದ್ದು ತೊಂಬತ್ತರ ದಶಕದ ರಾಪರ್‌ಗಳಿಗೂ ಅವರಿಗೆ ಸಂಗೀತ ಕಟ್ಟಿಕೊಡುತ್ತಿದ್ದವರಿಗೂ ನಡುವೆ ನಡೆಯುತ್ತಿದ್ದ ಮುಸುಕಿನ ಗುದ್ದಾಟವನ್ನು. ಯಾರ ಹೆಸರನ್ನೂ ಹೇಳಲಿಲ್ಲ. ಕೆಲವರು ಇನ್ನೊಬ್ಬರು ಹೊಲಿದುಕೊಟ್ಟ ಅಂಗಿ ತೊಟ್ಟು ಶಾಲು ಹೊದೆಸಿಕೊಳ್ಳುತ್ತಾರೆ ಎಂದೆ. ಕೆಲವರ ಕಿವಿ ಹಾಸ್ಟೆಲಿನ ದಿನಗಳಲ್ಲೇ ನಿಂತುಹೋಗಿರುತ್ತದೆ, ಆಮೇಲೆ ಬಂದದ್ದು ಯಾವುದೂ ಅವರಿಗೆ ಕೇಳಿಸುವುದಿಲ್ಲ ಎಂದೆ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಕೋಪ ಬಿಡಲಿಲ್ಲ. ಸ್ವಂತದ್ದು ಏನೂ ಇಲ್ಲದವರಿಗೆ ಅಪ್ಪನ ಕಲೆಯೇ ಬಂಡವಾಳ, ಅಪ್ಪನ ಮುಂದೆ ಕೂತು ಒಂದು ಮಾತು ಆಡಲಾಗದವರು ಅಪ್ಪನ ಮಾತನ್ನೇ ಮಾರಿಕೊಂಡು ಬದುಕುತ್ತಾರೆ ಎಂದೂ ಸೇರಿಸಿದೆ. ಇದು ಡಾಕ್ಟರೇ ನನ್ನ ಬಳಿ ಹೇಳಿಕೊಂಡಿದ್ದ ನೋವು. ಹದಿಹರೆಯದಲ್ಲಿ ಒಮ್ಮೆ ಅಪ್ಪಯ್ಯನ ಎದುರು ಅರ್ಥ ಹೇಳಲು ಕೂತು, ಬಾಯಿ ಒಣಗಿ, ಎದ್ದು ಓಡಿಹೋಗಿದ್ದರಂತೆ. ಆಮೇಲೆ ಅಪ್ಪಯ್ಯ ಮತ್ತೆ ಕರೆಯಲಿಲ್ಲವಂತೆ. ಇನ್ಯಾರಿಗೂ ಹೇಳಿರಲಿಲ್ಲ ಅದನ್ನು.

ಅಪ್‌ಲೋಡ್ ಮಾಡಿದ ಸ್ವಲ್ಪ ಹೊತ್ತಿಗೇ ಕಾಮೆಂಟು ಬರತೊಡಗಿದವು. ಸನ್ಮಾನದಲ್ಲಿ ಇದ್ದವರೆಲ್ಲ ತಾಳೆ ಹಾಕಿದ್ದರು. ಬಿತ್ತು, ಬಿತ್ತು, ಬಿತ್ತು. ನಾನು ಅಡುಗೆಮನೆಯಲ್ಲಿ ನಿಂತು ಓದಿ ಓದಿ ಖುಷಿಪಟ್ಟೆ. ಅಷ್ಟು ಖುಷಿ ನನಗೆ ಬಹಳ ದಿನದಿಂದ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಅವರ ಫೋನು ಬಂತು. ಕೂಗಾಡುತ್ತಾರೆ, ನಾನೂ ಕೂಗಾಡುತ್ತೇನೆ, ಅಲ್ಲಿಗೆ ಸರಿಹೋಗುತ್ತದೆ ಎಂದುಕೊಂಡಿದ್ದೆ.

"ಎಪಿಸೋಡ್ ಕೇಳಿದೆ," ಎಂದರು. "ಒಳ್ಳೇದಾಯ್ತು. ಎಲ್ಲಿಯೂ ಹೆಸರಿಲ್ಲ, ಎಲ್ಲರಿಗೂ ಗೊತ್ತಾಗ್ತದೆ. ಆ ಅಪ್ಪನ ಸಾಲು ಉಂಟಲ್ಲ, ಅದಕ್ಕೆ ಮೊದಲು ಸ್ವಲ್ಪ ನಿಲ್ಲಿಸಿದ್ದೀರಿ. ಅದು ಚೆಂದ."

ಅಷ್ಟು ವರ್ಷ ನೀನು ಎಂದವರು ನೀವು ಎಂದರು. ಬೆರಳು ಏಳಿಸಿದವಳ ಹೆಮ್ಮೆ ಅಲ್ಲೇ ಇಳಿದುಹೋಯಿತು. ಆದರೂ ತಪ್ಪಾಯ್ತು ಎನ್ನಲಿಲ್ಲ. ಅವರಿಗೂ ಸ್ವಲ್ಪ ಉರಿಯಲಿ ಎಂದು ಫೋನು ಇಟ್ಟೆ.

ಆಮೇಲಿನ ಶನಿವಾರಗಳಲ್ಲಿ ಅವರಿಗೆ ಉತ್ತರಪತ್ರಿಕೆ ತಿದ್ದುವುದಿತ್ತು, ಗಂಟಲು ಕಟ್ಟಿತ್ತು, ಯಾರೋ ಬರುವವರಿದ್ದರು. ಮಗಳು ಕಾರಿನ ಕೀ ಹಿಡಿದುಕೊಂಡು ಬಂದು, "ವೈ ಆರ್ ವಿ ನಾಟ್ ಗೋಯಿಂಗ್ ಟು ಅಜ್ಜಾಸ್ ಹೌಸ್?" ಎಂದು ಕೇಳಿದಾಗ ಕನ್ನಡದಲ್ಲಿ ಮಾತಾಡು ಎಂದು ಅವಳನ್ನೇ ಗದರಿಸಿದೆ.

ವಸುಧಕ್ಕ ಸಿಕ್ಕಿದ್ದು ನಾವೆಲ್ಲ ಕರಿಬೇವು, ತೆಂಗಿನಕಾಯಿ ತರುವ ತಮಿಳರ ಅಂಗಡಿಯಲ್ಲಿ. ನನ್ನನ್ನು ನೋಡಿ ಅವರು ತಿರುಗಿಹೋಗಲಿಲ್ಲ. ಬೆಂಡೆಕಾಯಿಯ ತುದಿ ಮುರಿದು ನೋಡುತ್ತಲೇ, ಮಗಳು ಹೇಗಿದ್ದಾಳೆ ಎಂದು ಕೇಳಿದರು. ನಾನೇ ತಡೆಯಲಾರದೆ ಅಂದುಬಿಟ್ಟೆ: "ಅಕ್ಕ, ಅಷ್ಟು ಜನರ ಹೆಸರು ಹೇಳಿದ್ರು. ನನ್ ಹೆಸರು ಮಾತ್ರ ಬಿಟ್ರು. ನಂಗೆ ನೋವಾಗಲ್ವಾ?"

ವಸುಧಕ್ಕ ಬೆಂಡೆಕಾಯಿ ಬಿಟ್ಟು ನನ್ನ ಮುಖ ನೋಡಿದರು. ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

"ನಂದು ಹೇಳಿದ್ರಾ?" ಎಂದರು.

ನನಗೆ ನೆನಪಾಗಲಿಲ್ಲ.

"ನನ್ನ ಹೆಸರು ಹೇಳಿದ್ರಾ ನಸೀಮಾ? ಪ್ರತಿ ಶನಿವಾರ ನನ್ನ ಬೀರು ತೆಗೆದಿಟ್ಟು ಕೂತವರು. ಇಷ್ಟು ವರ್ಷ ಆ ಗಲಾಟೆ ಕೇಳಿದ್ದೇನೆ ನಾನು. ಹೇಳ್ಲಿಲ್ಲ. ನಂಗೆ ಹೇಳುದೂ ಇಲ್ಲ, ನಾನು ಕಾಯುದೂ ಇಲ್ಲ. ಮನೆಯವರಿಗೆ ಯಾರಾದ್ರೂ ಮೈಕಿನಲ್ಲಿ ಥ್ಯಾಂಕ್ಸ್ ಹೇಳ್ತಾರಾ? ಹಾಗೆ ಹೇಳಿದ್ರೆ ಅವರು ಹೊರಗಿನವರಾದ ಹಾಗೆ ಅಂತ ಮಾವಯ್ಯ ಹೇಳ್ತಿದ್ರು. ಇವರಿಗೂ ಅದೇ. ನಮ್ಮಿಬ್ಬರನ್ನು ಬಿಟ್ಟು ಎಲ್ಲರಿಗೂ ಹೇಳಿದ್ರು ಅಂತ ನಾನು ಅಂದುಕೊಂಡಿದ್ದೆ. ನಿಂಗೆ ಗೊತ್ತುಂಟು ಅಂತ ಮಾಡಿದ್ದೆ."

ಕಾರಿನಲ್ಲಿ ಕೂತು ಸನ್ಮಾನದ ದಿನ ನನ್ನ ಫೋನಿನಲ್ಲಿ ಮಾಡಿಕೊಂಡಿದ್ದ ರೆಕಾರ್ಡಿಂಗ್ ಹಾಕಿದೆ. ಡಾಕ್ಟರು ಹೇಳಿದ ಒಂದೊಂದು ಹೆಸರನ್ನೂ ಕೇಳಿದೆ. ವಸುಧಾ ಎಂಬ ಹೆಸರು ಎಲ್ಲೂ ಇರಲಿಲ್ಲ. ಯಾವ ಹೆಸರು ಬಿಟ್ಟುಹೋಯಿತು ಎಂದು ಕೇಳಿಸಿಕೊಳ್ಳುವುದನ್ನೇ ವರ್ಷಗಟ್ಟಲೆ ಕಲಿತವಳು, ಆ ಪಟ್ಟಿಯಲ್ಲಿ ನನ್ನದೊಂದನ್ನೇ ಹುಡುಕಿದ್ದೆ. ತರಕಾರಿಯ ಚೀಲ ಪಕ್ಕದ ಸೀಟಿನಲ್ಲಿಟ್ಟುಕೊಂಡು ಪಾರ್ಕಿಂಗ್‌ನಲ್ಲೇ ಅತ್ತೆ. ಮನೆಗೆ ಬಂದು ಆ ಎಪಿಸೋಡ್ ತೆಗೆದುಹಾಕಿದೆ. ಅಷ್ಟು ಹೊತ್ತಿಗೆ ಕೇಳಬೇಕಾದವರೆಲ್ಲ ಕೇಳಿ, ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಂಚಿಕೊಂಡು, ಸಾಕಷ್ಟು ಚೂಪು ಮಾಡಿ ಆಗಿತ್ತು.

ಮುಂದಿನ ಭಾನುವಾರ ನಿಲಾಯ್‌ಗೆ ಹೋದೆ. ಡಾಕ್ಟರೇ ಬಾಗಿಲು ತೆಗೆದರು, ಕೂರಿಸಿದರು, ತಾವೇ ಕಾಫಿ ಮಾಡಿ ತಂದರು. ಎಪಿಸೋಡ್ ತೆಗೆದದ್ದು ಯಾಕೆ, ಚೆನ್ನಾಗಿತ್ತಲ್ಲ ಎಂದರು.

"ಡಾಕ್ಟ್ರೇ, ತಪ್ಪಾಯ್ತು. ಬಹಳ ದೊಡ್ಡ ತಪ್ಪಾಯ್ತು. ಅಪ್ಪಯ್ಯನ ವಿಷ್ಯ ಎತ್ತಬಾರದಿತ್ತು. ನೀವು ಬೇಕಂತ್ಲೇ ಬಿಟ್ರಿ ಅಂದ್ಕೊಂಡೆ."

"ಆಯ್ತು ಬಿಡಿ. ನನ್ನದೂ ತಪ್ಪುಂಟು. ಒಂದು ಹೆಸರು ಹೇಳ್ಲಿಕ್ಕೆ ಎಷ್ಟು ಹೊತ್ತು ಬೇಕಿತ್ತು?"

ಇಲ್ಲಿಗೆ ನಾನು ಎದ್ದು ಬರಬೇಕಿತ್ತು. ಆದರೆ ಪೂರ್ತಿ ಹಗುರಾಗಬೇಕೆಂಬ ಆಸೆ ನನಗೆ. ತಪ್ಪೊಪ್ಪಿಕೊಳ್ಳುವವಳು ಏನನ್ನೂ ಮುಚ್ಚಿಡಬಾರದು ಎಂದುಕೊಂಡು, "ನಾನು ಮುಸ್ಲಿಂ ಅಂತ ಬಿಟ್ರೇನೋ ಅಂತಾನೂ ಅಂದ್ಕೊಂಡಿದ್ದೆ ಡಾಕ್ಟ್ರೇ," ಎಂದೆ.

ಅವರು ಕಾಫಿಯ ಲೋಟವನ್ನು ಕೆಳಗಿಟ್ಟರು. ಒಳಗೆ ವಸುಧಕ್ಕ ಒಗ್ಗರಣೆ ಹಾಕುತ್ತಿದ್ದವರು ಕೈ ನಿಲ್ಲಿಸಿದರು.

"ಆ ಎಪಿಸೋಡನ್ನು ತುಂಬಾ ಸಲ ಕೇಳಿದೆ ನಾನು," ಎಂದರು ಡಾಕ್ಟರು ಕೊನೆಗೆ. "ಈ ಹುಡುಗಿಗೆ ನನ್ನ ಮೇಲೆ ಎಂತಕ್ಕೆ ಸಿಟ್ಟು ಅಂತ ಎಲ್ಲ ರೀತಿಯಲ್ಲಿ ಯೋಚನೆ ಮಾಡಿದೆ. ಇದೊಂದು ನಂಗೆ ಹೊಳೀಲಿಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಯಾರೋ ಬಹಳ ಹತ್ತಿರದವರ ರೋಗದ ವರದಿಯನ್ನು ಕೈಯಲ್ಲಿ ಹಿಡಿದ ಡಾಕ್ಟರ ದನಿ ಅದು. ಆಮೇಲೆ ಊಟಕ್ಕೆ ಎಬ್ಬಿಸಿದರು. ವಸುಧಕ್ಕ ಬಡಿಸಿದರು. ಸಾರಿಗೆ ಉಪ್ಪು ಸರಿಯಾಗಿದೆಯಾ ಎಂದು ನನ್ನನ್ನು ಎರಡೆರಡು ಸಲ ಕೇಳಿದರು. ಆ ಮನೆಯಲ್ಲಿ ಅದಕ್ಕೆ ಮೊದಲು ಯಾರೂ ನನ್ನನ್ನು ಹಾಗೆ ನೆಂಟರಂತೆ ಉಪಚರಿಸಿರಲಿಲ್ಲ.

ಈ ವರ್ಷ ಅವರ ಕಾಲೇಜಿನ ಕಾಂಟ್ರ್ಯಾಕ್ಟ್ ಮುಗಿಯಿತು. ಉಡುಪಿಯ ಹತ್ತಿರವೇ ಪಾಠ ಮಾಡುವ ಕೆಲಸ ಸಿಕ್ಕಿತು, ಹೊರಟುನಿಂತರು. ಸಾಮಾನು ಕಟ್ಟಲು ನಾನು ರಜೆ ಹಾಕಿ ಹೋದೆ. ಕ್ಯಾಸೆಟ್ಟುಗಳನ್ನು ಹಳೇ ಟವೆಲಿನಲ್ಲಿ ಸುತ್ತಿ ಡಬ್ಬಕ್ಕೆ ತುಂಬಿದೆ, ಪಾತ್ರೆಗಳನ್ನು ಯಾರ್‍ಯಾರಿಗೋ ಹಂಚಿ ಬಂದೆ, ಕರೆಂಟು ನೀರಿನ ಆಫೀಸು ಸುತ್ತಿದೆ, ದಾರಿಗೆಂದು ಇಡ್ಲಿ ತಪಾವ್ ಮಾಡಿಸಿ, ಅಂದರೆ ಪಾರ್ಸೆಲ್ ಕಟ್ಟಿಸಿ, ತಂದೆ. ಅವರು ಬೇಡ ಅನ್ನಲಿಲ್ಲ. ನಡುನಡುವೆ ಹಳೇ ಹಾಗೆ ಒಂದೆರಡು ಮಾತು ಆಡಿದರು, ನಗಿಸಿದರು. ಎಲ್ಲ ಸರಿಹೋಯಿತು ಎಂದು ನನಗೆ ಅನಿಸತೊಡಗಿತ್ತು.

ವಿಮಾನ ನಿಲ್ದಾಣ ನಿಲಾಯ್‌ಗೆ ಹತ್ತಿರ. ನನ್ನ ಕಾರಿನಲ್ಲೇ ಅವರನ್ನು ಬಿಟ್ಟೆ. ಸಂಘದ ಸೆಕ್ರೆಟರಿ ಬಂದಿದ್ದರು, ಕಾಲೇಜಿನ ಇಬ್ಬರು ಮೇಷ್ಟ್ರುಗಳು ಬಂದಿದ್ದರು, ಪಕ್ಕದ ಮನೆಯ ತಮಿಳು ಅಜ್ಜಿಯೂ ಮಗನ ಜೊತೆ ಬಂದಿದ್ದರು. ಒಳಗೆ ಹೋಗುವ ಮೊದಲು ಡಾಕ್ಟರು ಒಬ್ಬೊಬ್ಬರ ಕೈ ಹಿಡಿದು ಮಾತಾಡಿಸಿದರು. ಸೆಕ್ರೆಟರಿಗೆ ಸನ್ಮಾನಕ್ಕಾಗಿ ಥ್ಯಾಂಕ್ಸ್ ಹೇಳಿದರು. ಮೇಷ್ಟ್ರುಗಳಿಗೆ ಹೇಳಿದರು. ಅಜ್ಜಿಗೆ ತಮಿಳಿನಲ್ಲಿ ಹೇಳಿದರು. ನಾನು ಟ್ರಾಲಿ ಹಿಡಿದುಕೊಂಡು ವಸುಧಕ್ಕನ ಪಕ್ಕ, ಮನೆಯವರು ನಿಲ್ಲುವ ಜಾಗದಲ್ಲಿ ನಿಂತಿದ್ದೆ. ಮಗಳು ಅವರ ಬ್ಯಾಗಿನ ಪಟ್ಟಿ ಹಿಡಿದುಕೊಂಡಿದ್ದಳು. ಡಾಕ್ಟರು ಅವಳ ತಲೆ ಸವರಿ, ನನ್ನ ಕಡೆ ತಿರುಗಿದರು.

"ನಸೀಮಾ, ನಿಮಗೂ ತುಂಬಾ ಥ್ಯಾಂಕ್ಸ್," ಎಂದರು. "ನಮಗೋಸ್ಕರ ಎಷ್ಟೆಲ್ಲ ಮಾಡಿದ್ರಿ."

ವಸುಧಕ್ಕ ಬೇರೆ ಕಡೆ ನೋಡಿದರು. ನಾನು ಅದಕ್ಕೆ ಪರವಾಗಿಲ್ಲ ಎಂದೆನೋ, ಇರಲಿ ಎಂದೆನೋ, ನೆನಪಿಲ್ಲ. ಟ್ರಾಲಿಯನ್ನು ಅವರ ಕೈಗೆ ಕೊಟ್ಟೆ. ಇಬ್ಬರೂ ಒಳಗೆ ಹೋದರು.

ಆ ಮಾತನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಹಿಂದೆ ತಿರುಗಿಸಿ ಕೇಳಿದ್ದೇನೋ ಲೆಕ್ಕವಿಲ್ಲ. ಅವರು ಕಲಿಸಿದ ಹಾಗೆ ಕಣ್ಣು ಮುಚ್ಚಿ ಕೇಳಿದ್ದೇನೆ. ಅದರಲ್ಲಿ ಕುಟುಕಿಲ್ಲ. ಕೋಪವಿಲ್ಲ, ಕೊಂಕಿಲ್ಲ. ಕಷ್ಟಕ್ಕಾದ ಒಬ್ಬ ಪರಿಚಯದವಳಿಗೆ ಒಳ್ಳೆಯ ಮನುಷ್ಯನೊಬ್ಬ ಮನಸಾರೆ ಹೇಳಿದ ಥ್ಯಾಂಕ್ಸ್ ಅದು. ಒಂದಿಷ್ಟು ವಿಷವಿದ್ದಿದ್ದರೂ ನಾನು ಅದನ್ನೇ ಹಿಡಿದುಕೊಂಡು ಉಡುಪಿಯವರೆಗೂ ಹೋಗಿ ಜಗಳವಾಡಿ ಬರುತ್ತಿದ್ದೆ.